ಮೋನೋ ಸರೋವರದ ಹತ್ತಿರ ಬಿಟ್ಟಿ ಬಿಡಾರ

ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯ ವಾರಾಂತ್ಯಕ್ಕೆ ಟೆಂಟ್ ಹಾಕಲು ಜಾಗ ಸಿಗುವುದು ಎಷ್ಟು ಕಷ್ಟ ಅನ್ನುವುದು ಇಲ್ಲಿರುವವರಿಗೆಲ್ಲ ಗೊತ್ತು. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಕಣಿವೆಯ ಕ್ಯಾಂಪ್‌ಗ್ರೌಂಡ್‌ಗಳ ಬುಕಿಂಗ್ ಐದು ತಿಂಗಳು ಮುಂಚೆ, 15ನೇ ತಾರೀಕು ಬೆಳಗ್ಗೆ 7 ಗಂಟೆಗೆ ಶುರುವಾಗುತ್ತದೆ. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಮುಗಿದೂ ಹೋಗಿರುತ್ತದೆ. ಆದರೆ ಅದೇ ಯೊಸೆಮಿಟಿಯ ಪೂರ್ವದ ಬಾಗಿಲು ದಾಟಿ ಘಾಟಿ ಇಳಿದರೆ ಮೋನೋ ಅಂತ ಒಂದು ದೊಡ್ಡ ಉಪ್ಪುನೀರಿನ ಸರೋವರವಿದೆ. ಅದರ ಸುತ್ತಲಿನ ಸರ್ಕಾರಿ ಕಾಡಿನಲ್ಲಿ ಬುಕಿಂಗೂ ಇಲ್ಲ, ಬಾಡಿಗೆಯೂ ಇಲ್ಲ. ಹೋಗಿ ಟೆಂಟ್ ಹಾಕಿಕೊಳ್ಳಬಹುದು.

ಇದಕ್ಕೆ ಇಲ್ಲಿ ಡಿಸ್ಪರ್ಸ್ಡ್ ಕ್ಯಾಂಪಿಂಗ್ ಅನ್ನುತ್ತಾರೆ. ಕೆಲವರು ಪ್ರಿಮಿಟಿವ್ ಅಂತಲೂ ಕರೆಯುತ್ತಾರೆ. ಟೇಬಲ್ ಇಲ್ಲ, ನಲ್ಲಿ ಇಲ್ಲ, ಶೌಚಾಲಯ ಇಲ್ಲ, ಕಸದ ತೊಟ್ಟಿ ಇಲ್ಲ. ನಂಬರ್ ಹಾಕಿದ ಜಾಗಗಳೂ ಇಲ್ಲ. ಫಾರೆಸ್ಟ್ ಸರ್ವೀಸ್ ಮತ್ತು ಬಿಎಲ್‌ಎಂ (ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್) ಅನ್ನುವ ಎರಡು ಕೇಂದ್ರ ಸರ್ಕಾರಿ ಇಲಾಖೆಗಳ ಜಮೀನಿನಲ್ಲಿ, ಬೇಡ ಅಂತ ಹೇಳಿರುವ ಕಡೆ ಬಿಟ್ಟು, ಸಾಮಾನ್ಯವಾಗಿ 14 ದಿನದವರೆಗೆ ಹೀಗೆ ಇರಲು ಬಿಡುತ್ತಾರೆ.

ಹೋಗೋಣ ಅಂತ ಮನೆಯಲ್ಲಿ ಮಾತು ತೆಗೆದಾಗ ಅಪ್ಪ ಊರಿನಿಂದ ಬಂದು ನಮ್ಮ ಫ್ರೀಮಾಂಟ್ ಮನೆಯಲ್ಲಿದ್ದರು. ಅಪ್ಪ ಸರ್ವೆ ಇಲಾಖೆಯಲ್ಲಿ ಭೂಮಾಪಕರಾಗಿದ್ದು ನಿವೃತ್ತರಾದವರು. ಹಗಲೆಲ್ಲ ಹೊಲದ ಬದುವಿನ ಮೇಲೆ, ಸಂಜೆ ತಾಲ್ಲೂಕು ಕಚೇರಿಯ ಕಡತದ ಮುಂದೆ, ಹಾಗೆ ಸರ್ವೀಸ್ ಮುಗಿಸಿದವರು. ಅವರು ಕೇಳಿದ ಮೊದಲ ಪ್ರಶ್ನೆ ಕರಡಿಯ ಬಗ್ಗೆ ಅಲ್ಲ, ಚಳಿಯ ಬಗ್ಗೆಯೂ ಅಲ್ಲ.

"ಪಹಣಿ ಯಾರ ಹೆಸರಲ್ಲಿದೆಯಮ್ಮ?"

ನನ್ನ ಗಂಡ ನಕ್ಕರು. "ಮಾವ, ಅದೆಲ್ಲಾ ಸರ್ಕಾರದ್ದು. ಗೋಮಾಳ ಇದ್ದ ಹಾಗೆ ಅಂದ್ಕೊಳ್ಳಿ."

"ಗೋಮಾಳ ಅಂದ್ರೂ ಅದಕ್ಕೊಂದು ಸರ್ವೆ ನಂಬರ್ ಇರುತ್ತಲ್ವಾ? ಎಲ್ಲಿಂದ ಎಲ್ಲೀವರೆಗೆ ಅಂತ ಯಾರಿಗೆ ಗೊತ್ತು?"

ಬಿಟ್ಟಿ ಕ್ಯಾಂಪಿಂಗಿನ ಮುಕ್ಕಾಲು ಕೆಲಸ ಇದೇ. ಟೆಂಟ್ ಹಾಕುವುದು ಹತ್ತು ನಿಮಿಷದ ಮಾತು. ನೀವು ನಿಂತಿರುವ ನೆಲ ಯಾರದ್ದು ಅಂತ ತಿಳಿದುಕೊಳ್ಳುವುದಕ್ಕೆ ಎರಡು ಸಂಜೆ ಬೇಕು. ಇಂಟರ್‌ನೆಟ್ಟಿನಲ್ಲಿ ಯಾರೋ ಹಾಕಿದ ಪಿನ್ ನೋಡಿಕೊಂಡು ಹೋಗುವವರೇ ಜಾಸ್ತಿ. ನನಗೆ ಅದು ಸರಿ ಕಾಣುವುದಿಲ್ಲ. ಪಿನ್ ಹಾಕಿದವರು ಪಹಣಿ ನೋಡಿರುವುದಿಲ್ಲ.

ಲ್ಯಾಂಡ್ ಸ್ಟೇಟಸ್ ತೋರಿಸುವ ನಕ್ಷೆಗಳು ಫೋನಿನಲ್ಲೇ ಸಿಗುತ್ತವೆ. ಅದರಲ್ಲಿ ಬಣ್ಣಗಳಿಗೆ ಒಂದು ವಾಡಿಕೆ ಇದೆ. ಫಾರೆಸ್ಟ್ ಸರ್ವೀಸಿನದು ಹಸಿರು, ಬಿಎಲ್‌ಎಂನದು ಹಳದಿ, ರಾಜ್ಯ ಸರ್ಕಾರದ್ದು ತಿಳಿನೀಲಿ, ಖಾಸಗಿಯವರದು ಬಿಳಿ. ಅಪ್ಪ ಲ್ಯಾಪ್‌ಟಾಪ್ ಮುಂದೆ ಕನ್ನಡಕ ಏರಿಸಿ ಕೂತರು. ಪಶ್ಚಿಮ ಅಮೆರಿಕದ ನಕ್ಷೆ ತೆಗೆದರೆ ಕಣ್ಣಿಗೆ ಹೊಡೆಯುವಷ್ಟು ಹಳದಿ, ಹಸಿರು. ಬಿಎಲ್‌ಎಂ ಒಂದರ ಕೈಯಲ್ಲೇ ಸುಮಾರು 24.5 ಕೋಟಿ ಎಕರೆ ಇದೆ. ಅಪ್ಪ ಪೆನ್ನು ತೆಗೆದು ಲೆಕ್ಕ ಹಾಕಿದರು. ಇಡೀ ಕರ್ನಾಟಕ ನಾಲ್ಕೂಮುಕ್ಕಾಲು ಕೋಟಿ ಎಕರೆಯ ಹತ್ತಿರ. ಅಂದರೆ ಐದು ಕರ್ನಾಟಕ! ಫಾರೆಸ್ಟ್ ಸರ್ವೀಸಿನದು ಅದರ ಮೇಲೆ ಇನ್ನೂ 19 ಕೋಟಿ ಎಕರೆ ಚಿಲ್ಲರೆ.

"ಒತ್ತುವರಿ ಆಗಿಲ್ವಾ?" ಅಂದರು. ನಿಜವಾಗಿ ಕೇಳಿದ್ದೇ, ತಮಾಷೆಗಲ್ಲ.

ಇನ್ನೊಂದು ವಿಷಯ ಅವರಿಗೆ ತುಂಬಾ ಹಿಡಿಸಿತು. ಇಲ್ಲಿಯ ಭೂಮಿಯನ್ನು 1785ರ ಕಾನೂನಿನಿಂದ ಶುರುಮಾಡಿ ಚೌಕ ಚೌಕವಾಗಿ ಅಳೆದುಕೊಂಡು ಹೋಗಿದ್ದಾರೆ. ಒಂದು ಮೈಲಿ ಉದ್ದ, ಒಂದು ಮೈಲಿ ಅಗಲದ್ದು ಒಂದು ಸೆಕ್ಷನ್, ಅಂದರೆ 640 ಎಕರೆ. ಅಂಥ 36 ಸೇರಿದರೆ ಒಂದು ಟೌನ್‌ಶಿಪ್. ಅಳೆದದ್ದು 66 ಅಡಿಯ ಗುಂಟರ್ ಸರಪಳಿಯಲ್ಲಿ. ನಮ್ಮ ಸರ್ವೆಯವರ ಸರಪಳಿ ಅದರ ಸರಿಯಾಗಿ ಅರ್ಧ, 33 ಅಡಿ. ಅದಕ್ಕೆ ಹದಿನಾರು ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. "ಒಂದೇ ವಂಶದ ಸರಪಳಿ" ಅಂತ ಅಪ್ಪ ಖುಷಿಪಟ್ಟರು. ಅಲ್ಲಿಂದ ಮುಂದೆ ಈ ಪ್ರವಾಸದ ಯಜಮಾನಿಕೆ ಅವರದ್ದೇ ಆಯಿತು.

ಬಣ್ಣ ನೋಡಿದರೆ ಸಾಲದು. ಹಸಿರು ಇದ್ದ ಕಡೆಯೆಲ್ಲ ಗಾಡಿ ನುಗ್ಗಿಸುವ ಹಾಗಿಲ್ಲ. ಯಾವ ಮಣ್ಣುರಸ್ತೆಯಲ್ಲಿ ವಾಹನ ಹೋಗಬಹುದು ಅಂತ ಫಾರೆಸ್ಟ್ ಸರ್ವೀಸ್ ಬೇರೆ ಒಂದು ನಕ್ಷೆ ಮಾಡಿದೆ. ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್ ಅಂತ ಹೆಸರು, ಬಿಟ್ಟಿ ಸಿಗುತ್ತದೆ. ಕಪ್ಪು ಬಿಳುಪು, ಗುಡ್ಡ ಹಳ್ಳ ಏನೂ ಸರಿಯಾಗಿ ಕಾಣದ, ನೋಡಲು ಸೊಗಸೇ ಇಲ್ಲದ ನಕ್ಷೆ. ಆದರೆ ದಂಡ ಹಾಕುವವರು ನೋಡುವುದು ಅದನ್ನೇ. ಅದರಲ್ಲಿ ನಂಬರ್ ಇಲ್ಲದ ದಾರಿ, ಕಣ್ಣೆದುರು ಎಷ್ಟೇ ಚೆನ್ನಾಗಿ ಕಂಡರೂ, ದಾರಿಯಲ್ಲ. ಅಪ್ಪನಿಗೆ ಚೆನ್ನಾಗಿ ಕಂಡಿದ್ದೂ ಅದೇ ನಕ್ಷೆ. "ಸರ್ವೆ ಟಿಪ್ಪಣಿ ಅಂದ್ರೆ ಹೀಗಿರಬೇಕು" ಅಂದರು.

ಮೋನೋ ವಿಷಯಕ್ಕೆ ಬಂದರೆ ತೊಡಕು ಇನ್ನೂ ಜಾಸ್ತಿ. ಸರೋವರದ ದಡದಲ್ಲೇ ಟೆಂಟ್ ಹಾಕಿ, ಬೆಳಗ್ಗೆ ಬಾಗಿಲು ತೆಗೆದರೆ ನೀರು, ಅಂತೆಲ್ಲ ನನ್ನ ಮಗಳು ಕನಸು ಕಂಡಿದ್ದಳು. ಅದು ಆಗುವುದಿಲ್ಲ. ನಕ್ಷೆಯಲ್ಲಿ ನೀರಿನ ಸುತ್ತ ತಿಳಿನೀಲಿಯ ಒಂದು ಪಟ್ಟಿ ಇದೆ. ಕೆಲವು ಕಡೆ ತೆಳ್ಳಗೆ, ಕೆಲವು ಕಡೆ ಸಾಕಷ್ಟು ಅಗಲ. ಅಲ್ಲಿ ಕ್ಯಾಂಪ್ ಮಾಡುವ ಹಾಗಿಲ್ಲ. ಆ ಪಟ್ಟಿ ಯಾಕಿದೆ ಅನ್ನುವುದೇ ಒಂದು ಕಥೆ.

1941ರಲ್ಲಿ ಲಾಸ್ ಏಂಜಲಿಸ್ ನಗರ, 300 ಮೈಲಿಗೂ ಆಚೆಯಿಂದ ಬಂದು, ಈ ಸರೋವರಕ್ಕೆ ಇಳಿಯುವ ಹೊಳೆಗಳನ್ನು ತಿರುಗಿಸಿಕೊಂಡಿತು. ಆಗ ಸರೋವರದ ಮಟ್ಟ ಸಮುದ್ರದಿಂದ 6,417 ಅಡಿ ಮೇಲಿತ್ತು. ಹೊಳೆ ನಿಂತ ಮೇಲೆ ನೀರು ಇಳಿಯುತ್ತಲೇ ಹೋಯಿತು. 1982ರ ಹೊತ್ತಿಗೆ 45 ಅಡಿ ಇಳಿದಿತ್ತು. ಉಪ್ಪು ಹೆಚ್ಚುಕಮ್ಮಿ ಎರಡರಷ್ಟು ಗಟ್ಟಿಯಾಯಿತು. ಸೀಗಲ್ ಹಕ್ಕಿಗಳು ಗೂಡು ಕಟ್ಟುತ್ತಿದ್ದ ದ್ವೀಪಕ್ಕೆ ನೆಲದ ದಾರಿ ಬಿದ್ದು ಕಯೋಟಿ ನರಿಗಳು ನಡೆದುಕೊಂಡೇ ಹೋದವು. 1978ರಲ್ಲಿ ಡೇವಿಡ್ ಗೇನ್ಸ್ ಅನ್ನುವ ಯುವಕ ಮತ್ತವನ ಗೆಳೆಯರು ಮೋನೋ ಲೇಕ್ ಕಮಿಟಿ ಕಟ್ಟಿದರು. 1983ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಇಂಥ ನೀರು ಜನರ ಸ್ವತ್ತು, ಸರ್ಕಾರ ಅದರ ಕಾವಲುಗಾರ ಅನ್ನುವ ಅರ್ಥದ ತೀರ್ಪು ಕೊಟ್ಟಿತು. 1994ರಲ್ಲಿ ಸರೋವರ 6,392 ಅಡಿಗೆ ಏರುವವರೆಗೆ ನಗರ ನೀರು ತೆಗೆಯುವುದನ್ನು ಕಡಿಮೆ ಮಾಡಬೇಕು ಅಂತ ಆದೇಶವಾಯಿತು. ಆ ಮಟ್ಟವನ್ನು ಸರೋವರ ಇನ್ನೂ ಮುಟ್ಟಿಲ್ಲ.

ಹೀಗೆ ನೀರು ಇಳಿದು ಬಯಲಾದ ನೆಲ, ಅಂದರೆ 6,417 ಅಡಿಯ ಗೆರೆಯ ಕೆಳಗಿರುವುದು, ರಾಜ್ಯ ಸರ್ಕಾರದ್ದು. ಅದೇ ಆ ತಿಳಿನೀಲಿ ಪಟ್ಟಿ. ಅದರ ಮೇಲೆ ಫಾರೆಸ್ಟ್ ಸರ್ವೀಸಿನ ಹಸಿರು. ನಡುನಡುವೆ ಲಾಸ್ ಏಂಜಲಿಸ್ ನಗರದ ಜಮೀನು, ಖಾಸಗಿಯವರ ಬಿಳಿ ತುಂಡುಗಳು. ಇದನ್ನು ನಾನು ಅಪ್ಪನಿಗೆ ಅರ್ಧ ಗಂಟೆ ವಿವರಿಸಿದೆ. ಅವರು ಕೇಳಿ ಒಂದೇ ಮಾತು ಹೇಳಿದರು.

"ಕೆರೆ ಅಂಗಳ ಅನ್ನು, ಮುಗೀತು. ನೀರು ಇಳಿದ್ರೂ ಅಂಗಳ ಅಂಗಳಾನೇ. ಅಲ್ಲಿ ಗುಡಿಸಲು ಹಾಕೋ ಹಾಗಿಲ್ಲ."

ಇನ್ನು ಕಾಗದಪತ್ರ. ಜಾಗಕ್ಕೆ ಪರ್ಮಿಟ್ ಬೇಡ, ಬೆಂಕಿಗೆ ಬೇಕು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಡೆ ಗ್ಯಾಸ್ ಸ್ಟೌ ಹಚ್ಚಲೂ ಕ್ಯಾಂಪ್‌ಫೈರ್ ಪರ್ಮಿಟ್ ಇಟ್ಟುಕೊಂಡಿರಬೇಕು. ಆನ್‌ಲೈನಿನಲ್ಲಿ ಒಂದು ಚಿಕ್ಕ ವಿಡಿಯೊ ನೋಡಿ, ನಾಲ್ಕಾರು ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಬಂದುಬಿಡುತ್ತದೆ. ದುಡ್ಡಿಲ್ಲ. ಡಿಸೆಂಬರ್ 31ರವರೆಗೆ ನಡೆಯುತ್ತದೆ. ಬೆಂಕಿಯ ಸುತ್ತ ಐದು ಅಡಿ ಒಣಹುಲ್ಲು, ಎಲೆ ಏನೂ ಇರಬಾರದು, ಪಕ್ಕದಲ್ಲಿ ಸಲಿಕೆ ಮತ್ತು ನೀರು ಇರಬೇಕು, ಆರಿಸುವಾಗ ನೀರು ಹಾಕಿ ಕೆದಕಿ ಕೈಯಿಟ್ಟು ನೋಡಬೇಕು. ವಿಡಿಯೊ ಹೇಳುವುದು ಇಷ್ಟೇ.

ಹೊರಡುವ ಹಿಂದಿನ ದಿನ ರೇಂಜರ್ ಕಚೇರಿಗೆ ಫೋನ್ ಮಾಡಿದೆ. ಇದನ್ನು ಮಾತ್ರ ಬಿಡಬೇಡಿ. ವೆಬ್‌ಸೈಟಿನಲ್ಲಿ ಇರುವುದಕ್ಕಿಂತ ಹೊಸ ಸುದ್ದಿ ಅವರ ಹತ್ತಿರ ಇರುತ್ತದೆ. ನಾವು ಹೋದದ್ದು ಸೆಪ್ಟೆಂಬರ್ ಕೊನೆಗೆ. ಕಾಡೆಲ್ಲ ಒಣಗಿ ಕೂತಿತ್ತು. ಕಟ್ಟಿಗೆ ಉರಿಸುವುದಕ್ಕೆ ನಿರ್ಬಂಧ ಇತ್ತು. ತಿರುಗಿಸಿದರೆ ಆರುವಂಥ ಗ್ಯಾಸ್ ಸ್ಟೌವಿಗೆ ಮಾತ್ರ ಒಪ್ಪಿಗೆ, ಅದೂ ಪರ್ಮಿಟ್ ಇದ್ದರೆ. ಮಗಳ ಮಾರ್ಷ್‌ಮ್ಯಾಲೊ ಆಸೆಗೆ ಸ್ಟೌವಿನ ಉರಿಯೇ ಗತಿ ಅಂತಾಯಿತು.

ನೀರಿನ ವಿಷಯ ಸ್ವಲ್ಪ ಹೇಳಬೇಕು. ಸರೋವರದ ಪಕ್ಕ ಇರುತ್ತೀವಿ ಅಂದರೆ ನೀರಿನ ಚಿಂತೆ ಇಲ್ಲ ಅನ್ನಿಸುತ್ತದೆ, ಅಲ್ವಾ? ಮೋನೋ ನೀರು ಸಮುದ್ರಕ್ಕಿಂತ ಎರಡೂವರೆ ಪಟ್ಟು ಉಪ್ಪು, ಮೇಲೆ ಕ್ಷಾರ ಬೇರೆ. ಕುಡಿಯುವುದಿರಲಿ, ಪಾತ್ರೆ ಅದ್ದಲೂ ಬರುವುದಿಲ್ಲ. ಇಲ್ಲಿ ಹೇಳುವ ಲೆಕ್ಕ ತಲೆಗೆ ದಿನಕ್ಕೆ ಒಂದು ಗ್ಯಾಲನ್, ಅಂದರೆ ಹತ್ತಿರ ನಾಲ್ಕು ಲೀಟರ್. ಆ ಲೆಕ್ಕ ಮಾಡಿದವರು ಅನ್ನ ಸಾರು ಮಾಡುವವರಲ್ಲ. ಅಕ್ಕಿ ತೊಳೆಯಬೇಕು, ಬೇಳೆ ಬೇಯಿಸಬೇಕು, ಕುಕ್ಕರ್ ಉಜ್ಜಬೇಕು, ಚೊಂಬಿಗೂ ಬೇಕು. ತಲೆಗೆ ಎರಡು ಗ್ಯಾಲನ್ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತೇನೆ. ಐದು ಗ್ಯಾಲನ್ ಹಿಡಿಯುವ ನೀಲಿ ಡಬ್ಬಗಳನ್ನು ಮನೆಯಲ್ಲೇ ತುಂಬಿಕೊಂಡೆವು. ಒಂದೊಂದೂ ಹತ್ತೊಂಬತ್ತು ಕೆಜಿ ತೂಕ. ಕಾರಿನ ಹಿಂಭಾಗ ಕುಸಿದೇ ಹೋಗಿತ್ತು.

ದಾರಿ ಟಿಯೋಗಾ ಪಾಸ್ ಮೇಲೆ. ಹತ್ತಿರ ಹತ್ತಿರ ಹತ್ತು ಸಾವಿರ ಅಡಿ ಹತ್ತಿ, ಆಚೆ ಬದಿಗೆ ದಡದಡ ಇಳಿಯುತ್ತದೆ. ಇಳಿಯುತ್ತಿದ್ದ ಹಾಗೆ ಹಸಿರು ಮುಗಿದು ಬೂದು ಬಣ್ಣದ ಬಯಲು ಶುರು. ಸಿಯೆರಾ ಬೆಟ್ಟಗಳು ಮೋಡಗಳ ನೀರನ್ನೆಲ್ಲ ಪಶ್ಚಿಮಕ್ಕೇ ಇಳಿಸಿಕೊಂಡು ಈ ಕಡೆಗೆ ಒಣಗಾಳಿ ಮಾತ್ರ ಕಳಿಸುತ್ತವೆ. ಲೀ ವೈನಿಂಗ್ ಅನ್ನುವ ಪುಟ್ಟ ಊರಲ್ಲಿ ಪೆಟ್ರೋಲ್ ಹಾಕಿಸಿದೆವು. ಬೆಲೆ ಬಾಯಲ್ಲಿ ಹೇಳುವ ಹಾಗಿಲ್ಲ. ಅಲ್ಲಿನ ಸಂದರ್ಶಕರ ಕೇಂದ್ರದಲ್ಲಿ ಅಪ್ಪ ತಮ್ಮ ಫೋನಿನ ನಕ್ಷೆಯನ್ನು ಕೌಂಟರಿನಲ್ಲಿದ್ದ ಹುಡುಗಿಗೆ ತೋರಿಸಿ, ನಾವು ಹುಡುಕಿಟ್ಟಿದ್ದ ದಾರಿ ಸರಿಯೇ ಅಂತ ನನ್ನ ಕೈಯಲ್ಲಿ ಕೇಳಿಸಿದರು. ಆಕೆ ಹೌದು ಅಂದಳು. ಮರಳು ಮೆತ್ತಗಿದೆ, ಗಟ್ಟಿ ಇರುವ ಕಡೆ ಮಾತ್ರ ನಿಲ್ಲಿಸಿ ಅಂತಲೂ ಸೇರಿಸಿದಳು.

ಸರೋವರದ ದಕ್ಷಿಣಕ್ಕೆ, 120ನೇ ಹೆದ್ದಾರಿಯ ಪೂರ್ವದ ತುಂಡಿನಲ್ಲಿ ಜೆಫ್ರಿ ಪೈನ್ ಮರಗಳ ಕಾಡಿದೆ. ಬೋಡಿ ಅನ್ನುವ ಚಿನ್ನದ ಗಣಿ ಊರಿಗೆ ಇಲ್ಲಿಂದಲೇ ಮರ ಕುಯ್ದು ಸಾಗಿಸುತ್ತಿದ್ದರು. ಅದಕ್ಕೆಂದೇ 1881ರಲ್ಲಿ ರೈಲು ಕೂಡ ಹಾಕಿದ್ದರಂತೆ. ಈಗ ಬೋಡಿ ಪಾಳುಬಿದ್ದ ಊರು, ಇಲ್ಲಿದ್ದ ಮರ ಕುಯ್ಯುವ ಮಿಲ್ಲು ನೆಲಸಮ. ಮರಗಳು ಮತ್ತೆ ಎದ್ದಿವೆ. ಹೆದ್ದಾರಿ ಬಿಟ್ಟು ನಂಬರ್ ಇರುವ ಮಣ್ಣುರಸ್ತೆಗೆ ತಿರುಗಿದ ಮೇಲೆ ಅಪ್ಪ ಕಾರಿನಿಂದ ಇಳಿದುಬಿಟ್ಟರು. ಮುಂದೆ ಮುಂದೆ ಅವರು ನಡೆಯುವುದು, ಹಿಂದೆ ನಾವು ಕಾರಿನಲ್ಲಿ.

ಹೊಸ ಜಾಗ ಮಾಡಬಾರದು, ಯಾರೋ ಮುಂಚೆ ಇದ್ದು ಹೋದ ಗುರುತಿರುವ ಕಡೆಯೇ ಇರಬೇಕು ಅನ್ನುವುದು ಇಲ್ಲಿಯ ನಿಯಮ. ಎರಡು ಜಾಗ ಸಿಕ್ಕಿದವು. ಮೊದಲನೆಯದರಲ್ಲಿ ಕಲ್ಲು ಜೋಡಿಸಿದ ಒಲೆಯೊಳಗೆ ಒಡೆದ ಬಾಟಲಿ, ಅರ್ಧ ಸುಟ್ಟ ಬಿಯರ್ ಡಬ್ಬಿ, ಮೊಳೆಗಳು. ಮೊಳೆ ಬಂದದ್ದು ಹಳೇ ಹಲಗೆ ಸುಟ್ಟಿದ್ದರಿಂದ. ಟೈರಿಗೆ ಒಂದು ಸಾಕು. ಕೈಗೆ ಸಿಕ್ಕಿದಷ್ಟು ಆರಿಸಿ ಚೀಲಕ್ಕೆ ಹಾಕಿಕೊಂಡು ಮುಂದೆ ಹೋದೆವು. ಎರಡನೆಯದು ಚೆನ್ನಾಗಿತ್ತು. ಸಮತಟ್ಟು, ಮೇಲೆ ಒಣಕೊಂಬೆ ನೇತಾಡುತ್ತಿರಲಿಲ್ಲ, ಮರಗಳ ಸಂದಿಯಲ್ಲಿ ದೂರಕ್ಕೆ ಸರೋವರ ತೆಳ್ಳಗೆ ಹೊಳೆಯುತ್ತಿತ್ತು.

ನೆಲವೆಲ್ಲ ಪ್ಯೂಮಿಸ್. ಹತ್ತಿರದಲ್ಲೇ ಜ್ವಾಲಾಮುಖಿಗಳ ಸಾಲಿದೆ. ಅದರಲ್ಲಿ ಪಾನಮ್ ಅನ್ನುವ ಕುಳಿ ಸ್ಫೋಟಿಸಿ ಬರೀ ಆರೇಳು ನೂರು ವರ್ಷವಾಗಿದೆ. ಅದು ಉಗುಳಿದ ನೊರೆಗಲ್ಲು ಪುಡಿಯಾಗಿ ಬಿಳಿ ಮರಳಿನ ಹಾಗೆ ಹರಡಿಕೊಂಡಿದೆ. ಎಷ್ಟು ಹಗುರ ಅಂದರೆ ಮಗಳು ಒಂದು ಕಲ್ಲನ್ನು ಬಕೆಟ್ಟಿಗೆ ಹಾಕಿದಳು, ತೇಲಿತು. ಮುಷ್ಟಿಗಾತ್ರದ್ದು ಹಾಕಿದಳು, ಅದೂ ತೇಲಿತು. ಅವಳಿಗೆ ಸಂಜೆಯವರೆಗೆ ಅದೇ ಆಟ.

ಆದರೆ ಈ ನೆಲದಲ್ಲಿ ಟೆಂಟಿನ ಗೂಟ ನಿಲ್ಲುವುದಿಲ್ಲ. ಹೊಡೆದರೆ ಸಲೀಸಾಗಿ ಇಳಿಯುತ್ತದೆ, ಎಳೆದರೆ ಅಷ್ಟೇ ಸಲೀಸಾಗಿ ಎದ್ದು ಬರುತ್ತದೆ. ಮೋನೋದಲ್ಲಿ ಮಧ್ಯಾಹ್ನದ ಮೇಲೆ ಬೀಸುವ ಗಾಳಿ ಸಾಮಾನ್ಯದ್ದಲ್ಲ. ಇದಕ್ಕೊಂದು ಉಪಾಯವಿದೆ. ಚಿಕ್ಕ ಬಟ್ಟೆಚೀಲಕ್ಕೆ ಮರಳು ತುಂಬಿ, ಬಾಯಿ ಕಟ್ಟಿ, ಟೆಂಟಿನ ಹಗ್ಗವನ್ನು ಅದಕ್ಕೆ ಬಿಗಿದು, ಮೊಣಕೈ ಆಳದ ಗುಂಡಿಯಲ್ಲಿ ಅಡ್ಡಡ್ಡ ಹೂತು ಮೇಲೆ ತುಳಿಯುವುದು. ನಾವು ತಂದಿದ್ದು ಸೋನಾ ಮಸೂರಿ ಅಕ್ಕಿಯ ಹಳೇ ಕೈಚೀಲಗಳು. ಅಪ್ಪ ಪ್ರತಿಯೊಂದಕ್ಕೂ ಹಗ್ಗವನ್ನು ಎರಡು ಸುತ್ತು ಹಾಕಿ ದನ ಕಟ್ಟುವ ಗಂಟು ಹಾಕಿದರು. ಸಂಜೆ ನಾಲ್ಕಕ್ಕೆ ಗಾಳಿ ಬಂತು. ಟೆಂಟಿನ ಬಟ್ಟೆ ಪಟಪಟ ಬಡಿಯಿತೇ ಹೊರತು ಒಂದು ಗಂಟೂ ಅಲುಗಲಿಲ್ಲ.

ಆಮೇಲೆ ಎಲ್ಲರೂ ಕೇಳಲು ಮುಜುಗರಪಡುವ ವಿಷಯ. ಬಯಲಿಗೆ ಹೋಗುವುದಕ್ಕೂ ಇಲ್ಲಿ ಅಳತೆ ಉಂಟು. ನೀರಿನಿಂದ, ದಾರಿಯಿಂದ, ಬಿಡಾರದಿಂದ 200 ಅಡಿ ದೂರ. ಗುಂಡಿ ಆರರಿಂದ ಎಂಟು ಅಂಗುಲ ಆಳ. ಮುಗಿದ ಮೇಲೆ ಅದೇ ಮಣ್ಣು ಮುಚ್ಚಬೇಕು. ಕಾಗದ ಬಳಸಿದರೆ ಅದನ್ನು ಹೂಳಬಾರದು, ಜಿಪ್ ಚೀಲದಲ್ಲಿ ವಾಪಸ್ ತರಬೇಕು. ಈ ಒಣನೆಲದಲ್ಲಿ ಕಾಗದ ವರ್ಷಗಟ್ಟಲೆ ಕರಗುವುದಿಲ್ಲ, ಪ್ರಾಣಿಗಳು ಕೆದರುತ್ತವೆ. ಚೊಂಬಿನವರಿಗೆ ಆ ತಾಪತ್ರಯವೇ ಇಲ್ಲ! ಇಡೀ ಕ್ಯಾಂಪಿಂಗಿನಲ್ಲಿ ನಮ್ಮ ಊರಿನ ಅಭ್ಯಾಸ ನೇರವಾಗಿ ಗೆದ್ದ ಜಾಗ ಇದೊಂದೇ.

"200 ಅಡಿ ಅಂದ್ರೆ ಆರು ಸರಪಳಿ" ಅಂದರು ಅಪ್ಪ. ಟೆಂಟಿನ ಮುಂದಿನಿಂದ ನೇರವಾಗಿ ನಡೆದರು. ಅವರ ಹೆಜ್ಜೆಗೆ ಒಂದು ಲೆಕ್ಕ ಇದೆ, ಸರಪಳಿ ಇಲ್ಲದಾಗ ಅಂದಾಜಿಗೆ ಅಂತ ಸರ್ವೀಸಿನಲ್ಲಿ ರೂಢಿಸಿಕೊಂಡದ್ದು. ಒಂದೊಂದು ಸರಪಳಿಗೂ ಒಂದೊಂದು ಕಲ್ಲಿಟ್ಟುಕೊಂಡು ಹೋದರು. ಆರನೆಯ ಕಲ್ಲಿನ ಹತ್ತಿರ ಒಂದು ಪೊದೆ. "ಇಲ್ಲಿಂದಾಚೆ" ಅಂತ ಕೂಗಿದರು. ಕತ್ತಲಲ್ಲೂ ಟಾರ್ಚ್ ಹಿಡಿದು ಕಲ್ಲು ನೋಡಿಕೊಂಡು ಹೋಗುವುದು ಸುಲಭವಾಯಿತು. ಬಿಡಾರ ಎತ್ತುವ ದಿನ ಆ ಬಾಂದುಕಲ್ಲುಗಳನ್ನು ಅವರೇ ಕಿತ್ತು ಎಲ್ಲಿದ್ದವೋ ಅಲ್ಲಿಗೆ ಎಸೆದರು.

ಅಡುಗೆಗೆ ಮೂರು ಲೀಟರಿನ ಕುಕ್ಕರ್ ತಂದಿದ್ದೆ. ಕ್ಯಾಂಪಿಗೆ ಕುಕ್ಕರಾ ಅಂತ ಆಫೀಸಿನಲ್ಲಿ ನಕ್ಕಿದ್ದರು. ಏಳು ಸಾವಿರ ಅಡಿಯಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ಪಾತ್ರೆಯಲ್ಲಿಟ್ಟರೆ ತೊಗರಿಬೇಳೆ ಎಷ್ಟು ಹೊತ್ತಾದರೂ ಕಾಳುಕಾಳಾಗಿಯೇ ಇರುತ್ತದೆ, ಗ್ಯಾಸ್ ಮುಗಿಯುತ್ತದೆ. ಕುಕ್ಕರ್ ಇಟ್ಟರೆ ನಾಲ್ಕು ವಿಶಲ್, ಆಯಿತು. ಆ ಕಾಡಿನ ಮೌನದಲ್ಲಿ ಮೊದಲ ವಿಶಲ್ ಹೊಡೆದಾಗ ನಾವೇ ಬೆಚ್ಚಿದೆವು. ಮೂರನೆಯದಕ್ಕೆ ಆಚೆ ಬದಿಯ ವ್ಯಾನಿನಲ್ಲಿದ್ದ ಅಜ್ಜ ಒಬ್ಬರು ಏನೋ ಸೋರುತ್ತಿದೆ ಅಂತ ಗಾಬರಿಯಿಂದ ನಡೆದುಕೊಂಡು ಬಂದರು. ಬಿಸಿಬೇಳೆಬಾತ್ ಉಂಡು ಹೋದರು.

ಪಾತ್ರೆ ತೊಳೆದ ನೀರನ್ನು ಸೋಸಿ, ಅಗುಳನ್ನು ಕಸಕ್ಕೆ ಹಾಕಿ, ನೀರನ್ನು ದೂರಕ್ಕೆ ಚಿಮುಕಿಸಿ ಚೆಲ್ಲಬೇಕು. ಒಂದೇ ಕಡೆ ಸುರಿಯಬಾರದು. ತಿನ್ನುವ ಪದಾರ್ಥವೆಲ್ಲ ಕರಡಿ ತೆಗೆಯಲಾಗದ ಡಬ್ಬಿಗೆ. ಇದು ಬಾಡಿಗೆಗೂ ಸಿಗುತ್ತದೆ. ತಿಂಡಿ ಮಾತ್ರ ಅಲ್ಲ, ವಾಸನೆ ಇರುವುದೆಲ್ಲ ಅದರೊಳಗೆ: ಟೂತ್‌ಪೇಸ್ಟು, ಅಪ್ಪನ ತೆಂಗಿನೆಣ್ಣೆ, ಊದಿನಕಡ್ಡಿ. ಅಲ್ಲಿ ಯಾಕೆ ಊದಿನಕಡ್ಡಿ ಅಂತ ನನ್ನನ್ನು ಕೇಳಬೇಡಿ. ಕರಡಿ ಬರಲಿಲ್ಲ. ರಾತ್ರಿ ಚಳಿ ಮಾತ್ರ ಬಂತು. ಅಪ್ಪ ಮಂಕಿ ಕ್ಯಾಪಿನ ಮೇಲೆ ಮಫ್ಲರ್, ಮಫ್ಲರ್ ಮೇಲೆ ಸ್ಲೀಪಿಂಗ್ ಬ್ಯಾಗಿನ ಟೋಪಿ ಎಳೆದುಕೊಂಡು ಮಲಗಿದರು. ಬೆಳಗ್ಗೆ ಬಕೆಟ್ಟಿನ ನೀರಿನ ಮೇಲೆ ಗಾಜಿನಷ್ಟು ತೆಳ್ಳಗೆ ಮಂಜುಗಡ್ಡೆ ಕಟ್ಟಿ, ಮಗಳ ತೇಲುವ ಕಲ್ಲುಗಳೆಲ್ಲ ಅದರಲ್ಲಿ ಸಿಕ್ಕಿಹಾಕಿಕೊಂಡಿದ್ದವು.

ಆ ಬೆಳಗ್ಗೆಯೇ ಹಸಿರು ಪಟ್ಟಿಯ ಒಂದು ಗಾಡಿ ಬಂತು. ಫಾರೆಸ್ಟ್ ಸರ್ವೀಸಿನವರು. ಪರ್ಮಿಟ್ ಕೇಳಿದರು, ಫೋನಿನಲ್ಲಿ ತೋರಿಸಿದೆ. ಸ್ಟೌ ನೋಡಿದರು, ಸಲಿಕೆ ಎಲ್ಲಿ ಅಂದರು, ಹಳೇ ಒಲೆಯ ಬೂದಿಯ ಮೇಲೆ ಕೈಯಿಟ್ಟು ನೋಡಿದರು. ತಣ್ಣಗಿತ್ತು. ಅಪ್ಪ ಅಷ್ಟರಲ್ಲಿ ಶರ್ಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತಿದ್ದರು. ಗಾಡಿ ಹೋದ ಮೇಲೆ ಅಳಿಯನಿಗೆ ಹೇಳಿದರು: "ನೋಡಿದ್ರಾ? ಸ್ಥಳ ತನಿಖೆ ಅಂದ್ರೆ ಇದು. ಆಫೀಸಲ್ಲಿ ಕೂತು ಬರೆಯೋದಲ್ಲ."

ಸರೋವರ ನೋಡಲು ಸೌತ್ ಟೂಫಾಗೆ ಹೋದೆವು. ಅಲ್ಲಿ ಮಾತ್ರ ದೊಡ್ಡವರಿಗೆ ಸ್ವಲ್ಪ ಫೀಸ್ ಉಂಟು. ಟೂಫಾ ಅಂದರೆ ನೀರಿನೊಳಗಿನ ಬುಗ್ಗೆಗಳಿಂದ ಸುಣ್ಣದ ಅಂಶ ಬಂದು, ಸರೋವರದ ಕಾರ್ಬೊನೇಟಿಗೆ ಸೇರಿ, ಕಲ್ಲಾಗಿ ಬೆಳೆದ ಗೋಪುರಗಳು. ನೀರೊಳಗೇ ಬೆಳೆಯಬೇಕಾದವು ಈಗ ಒಣನೆಲದಲ್ಲಿ ನಿಂತಿವೆ. ಕೆಲವು ಎರಡಾಳು ಎತ್ತರಕ್ಕಿಂತ ಜಾಸ್ತಿ. ನೀರು ಅಲ್ಲಿವರೆಗೆ ಇತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಅಪ್ಪ ಒಂದರ ಪಕ್ಕ ನಿಂತು ತಲೆಯೆತ್ತಿ ನೋಡಿ, "ಹಳೇ ದಾಖಲೆ ಇದು" ಅಂದರು.

ದಡದಲ್ಲಿ ನೊಣಗಳ ಕಪ್ಪು ಪಟ್ಟೆ ಇರುತ್ತದೆ. ನೋಡಿದರೆ ಅಸಹ್ಯ ಅನ್ನಿಸುತ್ತದೆ. ಆದರೆ ಇವು ಮೈಮೇಲೆ ಕೂರುವುದಿಲ್ಲ, ಕಾಲಿಟ್ಟರೆ ಅಲೆಯಾಗಿ ಸರಿದು ದಾರಿ ಬಿಡುತ್ತವೆ. ಕೂತು ನೋಡಿದರೆ ಒಂದು ನೊಣ ತನ್ನ ಸುತ್ತ ಗಾಳಿಯ ಗುಳ್ಳೆ ಕಟ್ಟಿಕೊಂಡು ಕಲ್ಲಿನ ಮೇಲಿಂದ ನೀರೊಳಗೆ ನಡೆದು ಹೋಗುವುದು ಕಾಣುತ್ತದೆ. ಗುಳ್ಳೆ ಬೆಳ್ಳಗೆ ಮಿನುಗುತ್ತದೆ. ಕೆಳಗೆ ಪಾಚಿ ತಿಂದು, ಸಾಕಾದಾಗ ಕೈಬಿಟ್ಟರೆ ಮೇಲಕ್ಕೆ ತೇಲಿಬಂದು, ಒದ್ದೆಯಾಗದೆ ಹಾರಿಹೋಗುತ್ತದೆ. ಈ ನೊಣದ ಕೋಶವನ್ನು ಇಲ್ಲಿಯ ಮೂಲನಿವಾಸಿ ಕುಟ್ಜಾಡಿಕಾ ಜನ ಒಣಗಿಸಿ ತಿನ್ನುತ್ತಿದ್ದರು. ಸರೋವರದಲ್ಲಿ ಮೀನಿಲ್ಲ. ಈ ನೊಣ, ಮತ್ತೆ ಉಗುರಿಗಿಂತ ಚಿಕ್ಕದಾದ ಒಂದು ಸೀಗಡಿ. ಇವೆರಡನ್ನೇ ತಿನ್ನಲು ಲಕ್ಷಗಟ್ಟಲೆ ಹಕ್ಕಿಗಳು ಬರುತ್ತವೆ. ಮಗಳು ನೀರಿಗೆ ಕೈ ಅದ್ದಿದಳು. ಬೆರಳು ಜಾರುಜಾರಾಯಿತು, ಒಣಗಿದ ಮೇಲೆ ಬಿಳಿ ಪುಡಿ ಉಳಿಯಿತು. ಅಲ್ಲಿಂದ ಬಿಡಾರಕ್ಕೆ ಬಂದು ಕೈ ತೊಳೆಸಲು ಒಂದು ಚೊಂಬು ಸಿಹಿನೀರು ಖರ್ಚು.

ಬಿಡಾರ ಎತ್ತುವ ದಿನ ಕೆಲಸ ಜಾಸ್ತಿ. ಹೂತ ಚೀಲಗಳನ್ನು ತೆಗೆದು, ಮರಳು ಸುರಿದು, ಗುಂಡಿ ಮುಚ್ಚಿದೆವು. ನಾಲ್ಕೂ ಜನ ಸಾಲಾಗಿ ನಿಂತು ನೆಲ ನೋಡಿಕೊಂಡು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಡೆದೆವು. ಸಿಕ್ಕಿದ್ದು ಒಂದು ಸಾಸಿವೆ ಪೊಟ್ಟಣದ ತುದಿ, ಒಂದು ಹೇರ್‌ಕ್ಲಿಪ್, ಹಿಂದಿನವರ ಎರಡು ಮೊಳೆ. ಕಸ ಎಲ್ಲಿ ಹಾಕುವುದು ಅನ್ನುವುದೇ ಕೊನೆಯ ತಲೆನೋವು. ಊರಲ್ಲಿ ಕಾಣುವ ದೊಡ್ಡ ತೊಟ್ಟಿಗಳು ಅಂಗಡಿಯವರದ್ದು, ಅವರು ದುಡ್ಡು ಕೊಟ್ಟು ಇಟ್ಟುಕೊಂಡಿರುವುದು. ಅಲ್ಲಿ ಹಾಕಬಾರದು. ಮುಚ್ಚಳ ಬಿಗಿಯಾಗಿರುವ ಒಂದು ಬಕೆಟ್ ಇಟ್ಟುಕೊಂಡರೆ ವಾಸನೆ ಬರದಂತೆ ಮನೆವರೆಗೂ ತರಬಹುದು. ನಾವು ಹಾಗೇ ತಂದೆವು.

ಹೋಗುವವರು ಒಂದು ನೆನಪಿಟ್ಟುಕೊಳ್ಳಿ. ಟಿಯೋಗಾ ದಾರಿ ಹಿಮ ಬಿದ್ದ ಕೂಡಲೇ, ಹೆಚ್ಚಾಗಿ ನವೆಂಬರಿನೊಳಗೆ, ಮುಚ್ಚುತ್ತದೆ. ಮತ್ತೆ ತೆರೆಯುವುದು ಮೇ ಕೊನೆಗೋ ಜೂನಿಗೋ. ಹಿಮ ಜಾಸ್ತಿಯಾದ ವರ್ಷ ಜುಲೈಯೂ ಆಗಬಹುದು. ಮುಚ್ಚಿದಾಗ ಬೇ ಏರಿಯಾದಿಂದ ಮೋನೋ ಅಂದರೆ ಟಾಹೋ ಕಡೆಯಿಂದ ಸುತ್ತಿಕೊಂಡು ಬರಬೇಕು.

ಅಪ್ಪ ಊರಿಗೆ ಹೊರಡಲು ಇನ್ನೂ ದಿನ ಇದ್ದವು. ಮನೆಗೆ ಬಂದ ಮಾರನೆಯ ಬೆಳಗ್ಗೆ ಕಾಫಿ ಹಿಡಿದು ಮತ್ತೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ನಕ್ಷೆಯನ್ನು ಪೂರ್ವಕ್ಕೆ ಸರಿಸಿ ನೆವಾಡಾಕ್ಕೆ ಹೋಗಿದ್ದರು. ಆ ರಾಜ್ಯದ ನೂರಕ್ಕೆ ಎಂಬತ್ತು ಭಾಗ ಕೇಂದ್ರ ಸರ್ಕಾರದ್ದೇ. ಪರದೆ ತುಂಬಾ ಹಳದಿ.

"ಇಲ್ಲಿಗೆ ಎಷ್ಟು ಗಂಟೆ ದಾರಿಯಮ್ಮ?" ಅಂದರು. "ಅಳಿಯಂದಿರಿಗೆ ರಜಾ ಯಾವಾಗ ಕೇಳು."